ಭಾವನ ಹೊಗೆಸೊಪ್ಪು, ನನ್ನ ಸಹಿ

ಅಕ್ಕನ ಮನೆಗೆ ಕಾಲಿಡದೆ ನಾಲ್ಕು ವರ್ಷವಾಯಿತು. ನಾನಿರುವುದು ಡೊಂಬಿವಿಲಿಯಲ್ಲಿ, ಅವಳಿರುವುದು ಕಲ್ಯಾಣದಲ್ಲಿ. ಲೋಕಲ್‌ನಲ್ಲಿ ಹತ್ತು ನಿಮಿಷ, ನಡುವೆ ಒಂದೇ ಸ್ಟೇಷನ್. ಉಡುಪಿ ಕಡೆಯ ನಮ್ಮವರ ಮದುವೆಗಳಲ್ಲಿ ಎದುರಾದರೆ ಅವಳು ಸೆರಗು ಸರಿಮಾಡಿಕೊಂಡು ಬೇರೆ ಸಾಲಿಗೆ ಹೋಗಿ ಕೂರುತ್ತಾಳೆ. ಭಾವ ಮಾತ್ರ ತಪ್ಪಿಸಿಕೊಂಡು ಹೋಗುವವರಲ್ಲ. ನನಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಪಕ್ಕದವರಿಗೆ, "ಮನೆಯಲ್ಲಿಟ್ಟು ಅನ್ನ ಹಾಕಿ ಓದಿಸಿದ್ದಕ್ಕೆ ಒಳ್ಳೆ ಫಲ ಸಿಕ್ಕಿತು ನಮಗೆ" ಎನ್ನುತ್ತಾರೆ. ಅದರಲ್ಲಿ ಅರ್ಧ ನಿಜ. ಎಂ.ಎಸ್ಸಿ. ಓದುವಾಗ ಎರಡು ವರ್ಷ ನಾನು ಅವರ ಮನೆಯಲ್ಲೇ ಇದ್ದೆ. ಆ ಎರಡು ವರ್ಷದ ಮಾತೆತ್ತಿ ಅವರು ನನ್ನ ಬಾಯಿ ಮುಚ್ಚಿಸಬಹುದೆಂದು ನಂಬಿದ್ದರೆಂಬುದು ತಿಳಿದದ್ದು ಬಹಳ ಆಮೇಲೆ.

ನಾನು ಆಗ ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಖಾಸಗಿ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ದ್ರಾಕ್ಷಿ, ಮೆಣಸಿನಪುಡಿ, ಚಹಾಪುಡಿಗಳಲ್ಲಿ ಎಷ್ಟು ಕೀಟನಾಶಕ, ಎಷ್ಟು ಬೂಷ್ಟಿನ ಔಷಧಿ ಉಳಿದಿದೆ ಎಂದು ಅಳೆದು ರಿಪೋರ್ಟ್ ಕೊಡುವುದು ನಮ್ಮ ಕೆಲಸ. ಎಲ್ಲಕ್ಕಿಂತ ಕೆಟ್ಟ ಸ್ಯಾಂಪಲ್ ಹೊಗೆಸೊಪ್ಪು. ಅದನ್ನು ಪುಡಿಮಾಡಿ ರಸ ತೆಗೆದರೆ ಅಂಟು, ಬಣ್ಣ, ನಿಕೋಟಿನ್ ಎಲ್ಲ ಒಟ್ಟಿಗೆ ಇಳಿದು ಬಂದು ಮಶೀನಿನ ಕಣ್ಣಿಗೆ ಮಂಕು ಬಡಿಸುತ್ತವೆ. ಇರುವ ಔಷಧಿಯಲ್ಲಿ ಅರ್ಧದಷ್ಟೂ ಅದಕ್ಕೆ ಕಾಣುವುದಿಲ್ಲ. ಇದಕ್ಕೆ ಪರಿಹಾರವಿದೆ. ಔಷಧಿಯೇ ಸೋಕದ ಹೊಗೆಸೊಪ್ಪಿನ ರಸಕ್ಕೆ ಗೊತ್ತಿರುವಷ್ಟು ಔಷಧಿ ಬೆರೆಸಿ, ಮಶೀನು ಅದನ್ನು ಎಷ್ಟೆಂದು ಓದುತ್ತದೆ ನೋಡಿಕೊಂಡು, ಆ ಲೆಕ್ಕದಲ್ಲಿ ಉಳಿದ ಸ್ಯಾಂಪಲ್‌ಗಳನ್ನು ಅಳೆಯಬೇಕು. ಆದರೆ ಔಷಧಿ ಸೋಕದ ಎಲೆ ಸಿಗುವುದು ಕಷ್ಟ. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಬರಿಯ ಶುದ್ಧ ದ್ರಾವಕದಲ್ಲಿ ಬೆರೆಸಿದ ಔಷಧಿಯೊಂದಿಗೇ ಹೋಲಿಸುತ್ತಿದ್ದರು. ಹಾಗೆ ಮಾಡಿದರೆ ಸಂಖ್ಯೆ ಕಡಿಮೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಸಹಿ ಹಾಕಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಇತರರ ಬಗ್ಗೆ ಕೆಟ್ಟದ್ದು ಬರೆಯಲಿದ್ದೇನೆ.

ಲ್ಯಾಬಿನ ಮ್ಯಾನೇಜರು ಹುಬ್ಬಳ್ಳಿಯವರು. ಸಂದರ್ಶನದಲ್ಲಿ ಕನ್ನಡ ಕೇಳಿ ನನಗೆ ಖುಷಿಯಾಗಿತ್ತು. ಆ ಖುಷಿ ಒಂದು ವಾರ ಬಾಳಿತು. ಅವರಿಗೆ ಕನ್ನಡ ಬೇಕಿದ್ದದ್ದು ಬೈಯುವುದಕ್ಕೆ ಮಾತ್ರ. ಹೊಗಳುವುದು, ಸಂಬಳದ ಮಾತು, ಗಿರಾಕಿಗಳ ಜೊತೆ ನಗು ಎಲ್ಲ ಇಂಗ್ಲಿಷಿನಲ್ಲಿ.

ಆ ವರ್ಷ ಮಳೆಗಾಲದ ಹೊತ್ತಿಗೆ, ಬಹಳ ಪತ್ರ ಬರೆದ ಮೇಲೆ, ಒಂದು ಕೃಷಿ ಸಂಶೋಧನಾ ಕೇಂದ್ರದಿಂದ ಔಷಧಿ ಹೊಡೆಯದ ಎಲೆ ನನಗೆ ಸಿಕ್ಕಿತು. ಹೊಸ ಪದ್ಧತಿಯನ್ನು ಸಿದ್ಧ ಮಾಡಿದೆ. ಅದರಲ್ಲಿ ಅಳೆದ ಮೊದಲ ಸ್ಯಾಂಪಲ್‌ಗಳಲ್ಲೇ ಒಂದು ಎದ್ದು ಕಂಡಿತು. ಜಗಿಯುವ ಹೊಗೆಸೊಪ್ಪು, ಹೊರದೇಶಕ್ಕೆ ಹೋಗುವ ಮಾಲು. ನಮಗೆ ಕಾಣುವುದು ಕೋಡ್ ನಂಬರ್ ಮಾತ್ರ, ಯಾರದ್ದೆಂದು ತಿಳಿಯುವುದಿಲ್ಲ. ಅದರಲ್ಲಿ ಕಾರ್ಬೆಂಡಾಜಿಮ್ ಎಂಬ ಬೂಷ್ಟಿನ ಔಷಧಿ ಹೊರದೇಶದಲ್ಲಿ ಕೊಳ್ಳುವವರು ಕೊಟ್ಟಿರುವ ಪಟ್ಟಿಯ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ನನ್ನ ಕೈಯೇ ತಪ್ಪಿತೆಂದು ಮತ್ತೆ ಎರಡು ಸಲ ತೂಗಿ ಮಾಡಿದೆ. ಅದೇ ಬಂತು. ಗದ್ದೆಯಲ್ಲಿ ಹೊಡೆದ ಔಷಧಿ ಎಲೆ ಕೊಯ್ದು ಒಣಗಿಸಿ ಹದಮಾಡುವಷ್ಟರಲ್ಲಿ ಇಷ್ಟು ಉಳಿಯಲು ಸಾಧ್ಯವಿರಲಿಲ್ಲ. ಇದು ಒಣಗಿದ ಎಲೆಯ ಮೇಲೆ ಆಮೇಲೆ ಯಾರೋ ಹೊಡೆದದ್ದು.

ಮ್ಯಾನೇಜರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಏನ್ರಿ ಮೇಡಂ ಇದು? ಹೋದ ವರ್ಷ ಪಾಸಾದ ಪಾರ್ಟಿ ಈ ವರ್ಷ ಹೆಂಗ ಫೇಲಾತು?"

"ಹೋದ ವರ್ಷ ನಾವು ಅಳೆದ ರೀತಿಯೇ ತಪ್ಪಿತ್ತು ಸರ್."

"ತಪ್ಪಿತ್ತು ಅಂತ ಈಗ ಹೇಳಾಕತ್ತೀರಿ. ಸಹಿ ಯಾರದು?"

"ನನ್ನದೇ."

"ಹಂಗಾದ್ರ ಸುಮ್ಮನ ಹಳೇ ಪದ್ಧತಿಲೇ ಮತ್ತೊಮ್ಮೆ ಓಡಸ್ರಿ. ನಂಬರ್ ತಾನ ಕೆಳಗ ಬರ್ತದ. ನಾನೇನು ಸುಳ್ಳು ಬರೀರಿ ಅಂತ ಹೇಳವಲ್ಲೆ."

ಆಗುವುದಿಲ್ಲ ಎಂದೆ. ಅವರು ಕುರ್ಚಿಗೆ ಒರಗಿ ನಕ್ಕರು.

"ಪಾರ್ಟಿ ಯಾರು ಗೊತ್ತದ ಏನು? ನಿಮ್ಮ ಭಾವನವರ! ನಮ್ಮ ನಾದಿನಿ ನಿಮ್ಮಲ್ಲೇ ಅದಾಳ, ಚಿಂತಿ ಇಲ್ಲ ಅಂತ ಅವ್ರು ನನಗ ಹೇಳ್ಯಾರ."

ಭಾವ ಕಲ್ಯಾಣದ ಹೋಟೆಲನ್ನು ತಮ್ಮನಿಗೆ ಬಿಟ್ಟು ಉಲ್ಹಾಸನಗರದಲ್ಲಿ ಏನೋ ಎಲೆ ವ್ಯಾಪಾರ ಮಾಡುತ್ತಾರೆಂದು ಗೊತ್ತಿತ್ತು. ಅವರ ಮಾಲು ಮೂರು ವರ್ಷ ನನ್ನ ಕೈಯಿಂದಲೇ ಪಾಸಾಗಿ ಹೋಗುತ್ತಿದೆ ಎಂದು ಗೊತ್ತಿರಲಿಲ್ಲ. ಸಂಬಂಧಿಕರ ಸ್ಯಾಂಪಲ್ ನಾನು ಮುಟ್ಟಬಾರದು, ಬೇರೆಯವರಿಂದ ಮಾಡಿಸಿ ಎಂದೆ. ಮ್ಯಾನೇಜರು ಒಪ್ಪಿದರು, ನಾನೇ ಜಾರಿಕೊಂಡೆನೆಂದು ಅವರಿಗೆ ಸಮಾಧಾನವಾದಂತಿತ್ತು. ಆದರೆ ಆ ಕೆಲಸ ಹೋದದ್ದು ಪಕ್ಕದ ಮೇಜಿನ ಮರಾಠಿ ಹೆಂಗಸಿಗೆ. ಅವಳು ನನಗಿಂತ ಹಟಮಾರಿ. ಹೊಸ ಪದ್ಧತಿಯಲ್ಲೇ ಮಾಡಿ ಅದೇ ಸಂಖ್ಯೆ ತಂದು ಮೇಜಿನ ಮೇಲಿಟ್ಟಳು.

ಆ ಭಾನುವಾರ ಭಾವ, ಅಕ್ಕ ಇಬ್ಬರೂ ನಮ್ಮ ಮನೆಗೆ ಬಂದರು. ನನ್ನ ಗಂಡ ಚಹಾ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡವನು ಹೊರಗೆ ಬರಲಿಲ್ಲ. ಅಕ್ಕ ಸೋಫಾದ ತುದಿಯಲ್ಲಿ ಕೂತಳು. ಭಾವ ಮಾತ್ರ ತಮ್ಮದೇ ಮನೆಯೆಂಬಂತೆ ಫ್ಯಾನ್ ಜೋರು ಮಾಡಿಕೊಂಡರು.

"ಎಂತ ಮಾರಾಯ್ತಿ, ನಮ್ಮ ಮಾಲು ಫೇಲಂತೆ?"

"ಹೌದು ಭಾವ. ಔಷಧಿ ಜಾಸ್ತಿ ಉಂಟು."

"ಹೊಗೆಸೊಪ್ಪು ತಿನ್ನುವವ ಹೊಗೆಸೊಪ್ಪಿನಿಂದಲೇ ಸಾಯ್ತಾನೆ. ಅವನಿಗೆ ಬೂಷ್ಟಿನ ಔಷಧಿ ಎಂತ ಮಾಡ್ತದೆ? ಸ್ವಲ್ಪ ಯೋಚನೆ ಮಾಡು."

ಆ ಮಾತನ್ನು ಅಲ್ಲೇ ಬಿಟ್ಟು ಬೇರೆ ಕೇಳಿದೆ.

"ಔಷಧಿ ಹೊಡೆದದ್ದು ಗದ್ದೆಯಲ್ಲಾ, ನಿಮ್ಮ ಗೋದಾಮಿನಲ್ಲಾ?"

ಅವರ ಮುಖದ ನಗು ಹೋಯಿತು. ಅಕ್ಕ ಗಂಡನ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಲ್ಯಾಬಿನವಳಾ, ಪೊಲೀಸಿನವಳಾ? ನನ್ನ ಗಂಡನನ್ನು ನನ್ನೆದುರೇ ಹೀಗೆ ಕೇಳ್ತೀಯಲ್ಲ, ನಾಚಿಕೆ ಆಗುದಿಲ್ವಾ ನಿಂಗೆ?" ಎಂದಳು. ಚಹಾ ಬರುವ ಮೊದಲೇ ಎದ್ದು ಹೋದರು. ಮೆಟ್ಟಿಲಲ್ಲಿ ಭಾವ ಹೇಳಿದ್ದು ಕೇಳಿಸಿತು: "ಹಳೆಯದೆಲ್ಲ ಮರೆತಿದ್ದಾಳೆ. ನೆನಪು ಮಾಡಿಸ್ಬೇಕು."

ಎರಡು ದಿನ ಬಿಟ್ಟು ರಜೆ ಹಾಕಿ ಉಲ್ಹಾಸನಗರಕ್ಕೆ ಹೋದೆ. ಹೋಗಬಾರದಿತ್ತು. ಲ್ಯಾಬಿನವರು ಗಿರಾಕಿಯ ಗೋದಾಮಿಗೆ ಹೇಳದೆ ಕೇಳದೆ ನುಗ್ಗುವುದು ನಿಯಮಕ್ಕೂ ಸರಿಯಲ್ಲ, ಸಂಬಂಧಕ್ಕೂ ಸರಿಯಲ್ಲ. ಆದರೆ ಸಿಟ್ಟು ನನ್ನನ್ನು ಎಳೆದುಕೊಂಡು ಹೋಯಿತು. ಹೊಲಿಗೆ ಯಂತ್ರಗಳ ಸದ್ದಿನ ಒಂದು ಗಲ್ಲಿಯ ಕೊನೆಗೆ ತಗಡಿನ ಶೆಡ್ಡು. ಮಾಲೀಕರ ನಾದಿನಿ ಎಂದದ್ದಕ್ಕೆ ಬಾಗಿಲಲ್ಲಿದ್ದವನು ಒಳಗೆ ಬಿಟ್ಟ.

ಏಳೆಂಟು ಹೆಂಗಸರು ಗೋಣಿಚೀಲದ ಮೇಲೆ ಕೂತು ಎಲೆ ಬಿಡಿಸುತ್ತಿದ್ದರು. ಗೋಡೆಯಲ್ಲಿ ಮಳೆಯ ನೀರು ಇಳಿದ ಗುರುತು. ಮೂಲೆಯಲ್ಲಿ ರೈತರು ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಪಂಪು, ಅದರ ಪಕ್ಕ ಹರಿದ ಪುಡಿಯ ಪೊಟ್ಟಣಗಳು. ಎಲೆಯ ಮೇಲೆ ಬೂದಿಯಂಥ ತೆಳ್ಳನೆಯ ಪುಡಿ. ಅದೇ ಪುಡಿ ಹೆಂಗಸರ ಮೊಣಕೈವರೆಗೆ, ಸೆರಗಿನ ಮೇಲೆ, ಒಬ್ಬಳ ಹುಬ್ಬಿನ ಮೇಲೆ.

ಐವತ್ತು ದಾಟಿದ ಒಬ್ಬಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಇದೇನು ಪುಡಿ ಎಂದು ಮರಾಠಿಯಲ್ಲಿ ಕೇಳಿದೆ.

"ಪಾವಸಾತ ಬುರಶೀ ಯೇತೆ ನಾ ತಾಈ, ಮ್ಹಣೂನ ಔಷಧ ಮಾರತಾತ," ಎಂದಳು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದಲ್ಲ, ಅದಕ್ಕೇ ಔಷಧಿ ಹೊಡೆಯುತ್ತಾರೆ. ಇದರಲ್ಲಿ ಮುಚ್ಚಿಡುವಂಥದ್ದೇನೋ ಇದೆಯೆಂದು ಅವಳಿಗೆ ಅನ್ನಿಸಿದಂತಿರಲಿಲ್ಲ. ಅಂಗೈ ತೋರಿಸಿದಳು. ಬೆರಳ ಸಂದಿಯಲ್ಲಿ ಚರ್ಮ ಸೀಳಿ ಕೆಂಪಾಗಿತ್ತು. ಮಧ್ಯಾಹ್ನ ಎಷ್ಟು ತೊಳೆದರೂ ಕೈ ಕಹಿ ಬಿಡುವುದಿಲ್ಲ, ತಿನ್ನುವ ಭಾಕರಿ ರೊಟ್ಟಿಯೂ ಕಹಿ, ಸೋಪು ಕೊಡಿ ಎಂದರೆ ಕೊಡುವುದಿಲ್ಲ ಎಂದಳು. ಅವಳು ಹೊಗೆಸೊಪ್ಪು ಜಗಿಯುವವಳಲ್ಲ. ಒಂದೇ ಒಂದು ದಿನವೂ ಬಾಯಿಗೆ ಹಾಕಿದವಳಲ್ಲವಂತೆ.

ಅಷ್ಟರಲ್ಲಿ ಭಾವ ಬಂದರು. ಬಾಗಿಲಿನವನು ಫೋನ್ ಮಾಡಿರಬೇಕು.

"ಯಾರು ಬರ್ಲಿಕ್ಕೆ ಹೇಳಿದ್ದು ನಿನ್ನನ್ನು ಇಲ್ಲಿಗೆ?"

"ನಾನೇ ಬಂದೆ. ಭಾವ, ಇವರ ಕೈ ನೋಡಿದ್ದೀರಾ?"

"ಬ್ಯಾಗ್ ಕೊಡು."

"ಯಾಕೆ?"

"ಎಲೆ ಕದ್ದುಕೊಂಡು ಹೋಗಿ ಟೆಸ್ಟ್ ಮಾಡ್ಲಿಕ್ಕೆ ಬಂದದ್ದಲ್ವಾ ನೀನು? ಬ್ಯಾಗ್ ಕೊಡು!"

ನಾನು ಕೊಡಲಿಲ್ಲ. ಅವರು ಭುಜದಿಂದ ಎಳೆದು, ಜಿಪ್ ಬಿಚ್ಚಿ, ತಲೆಕೆಳಗು ಮಾಡಿ ಕೊಡವಿದರು. ಟಿಫಿನ್ ಡಬ್ಬಿ, ಛತ್ರಿ, ರೈಲ್ವೆ ಪಾಸು, ತಲೆನೋವಿನ ಮಾತ್ರೆ, ಮುಟ್ಟಿನ ಒಂದು ಪ್ಯಾಡು. ಎಲೆ ಇರಲಿಲ್ಲ. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಲವತ್ತರ ಗಡಿಯಲ್ಲಿದ್ದ ನಾನು ನೆಲದ ಮೇಲೆ ಮಂಡಿಯೂರಿ ನನ್ನ ಸಾಮಾನು ಹೆಕ್ಕಿಕೊಂಡೆ. ನನ್ನ ಜೊತೆ ಮಾತಾಡಿದ್ದ ಹೆಂಗಸು ಪಾಸು ಎತ್ತಿ ಸೆರಗಿಗೆ ಒರೆಸಿ ಕೊಡಲು ಬಂದಳು. ಭಾವ ಅವಳ ಮೇಲೆ ಕೂಗಿದರು. ಅವಳು ಪಾಸನ್ನು ನನ್ನ ಕೈಗಿಟ್ಟೇ ಹಿಂದೆ ಸರಿದಳು.

ಮರುದಿನ ಲ್ಯಾಬಿಗೆ ಹೋದವಳು ಮೊದಲು ಮಾಡಿದ ಕೆಲಸ ಕೋಲ್ಡ್ ರೂಮಿನಿಂದ ಹೋದ ವರ್ಷ ಎತ್ತಿಟ್ಟ ಹೊಗೆಸೊಪ್ಪಿನ ಸ್ಯಾಂಪಲ್‌ಗಳನ್ನು ತೆಗೆಸಿದ್ದು. ಮರಾಠಿ ಸಹೋದ್ಯೋಗಿಯೂ ನಾನೂ ಕೂತು ಎಲ್ಲವನ್ನೂ ಹೊಸ ಪದ್ಧತಿಯಲ್ಲಿ ಅಳೆದೆವು. ಭಾವನದ್ದು ಸೇರಿ ಹಲವು, ನಾನು ಪಾಸೆಂದು ಸಹಿ ಹಾಕಿದ್ದವು, ಮಿತಿ ದಾಟಿದ್ದವು. ಯಾವ ರಿಪೋರ್ಟು ತಪ್ಪು, ಯಾಕೆ ತಪ್ಪು, ತಪ್ಪು ಯಾರದ್ದು ಎಂದು ಬರೆದು, ಕೊನೆಯ ಅಂಕಣದಲ್ಲಿ ನನ್ನ ಹೆಸರನ್ನೇ ಹಾಕಿ ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ ಮುಗಿಸಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು.

"ನಿಮಗ ಸತ್ಯವಂತರಾಗೋ ಹುಚ್ಚು ಹಿಡದದ. ಹಿಡೀಲಿ. ನಮ್ಮೆಲ್ಲಾರ ಅನ್ನಕ್ಕ ಯಾಕ ಮಣ್ಣು ಹಾಕ್ತೀರಿ?"

ಹೊಸ ಸ್ಯಾಂಪಲಿನ ಫೇಲ್ ರಿಪೋರ್ಟನ್ನು ಅವರು ತಡೆಯಲಾಗಲಿಲ್ಲ; ಮರಾಠಿಯವಳು ಸಹಿ ಹಾಕಿ ಕಳಿಸಿಯಾಗಿತ್ತು. ಹಳೆಯವನ್ನು ಮಾತ್ರ ಹೂತಿಟ್ಟರು. ಮುಂದಿನ ಸೋಮವಾರದಿಂದ ನನ್ನನ್ನು ಕುಡಿಯುವ ನೀರಿನ ವಿಭಾಗಕ್ಕೆ ಹಾಕಿದರು. ಹೌಸಿಂಗ್ ಸೊಸೈಟಿಗಳಿಂದ ಬಾಟಲಿಯಲ್ಲಿ ಬರುವ ಟ್ಯಾಂಕಿನ ನೀರು ನೋಡುವುದು. ಎರಡು ತಿಂಗಳು ಬಾಟಲಿ ನೋಡಿ, ಆಮೇಲೆ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗೆ ಪತ್ರ ಬರೆದೆ. ಅವರು ಬಂದು ಕಡತ ತೆಗೆಸಿದರು, ಹಳೆಯ ಪದ್ಧತಿ ನಿಲ್ಲಿಸಿದರು. ನನ್ನ ಸಹಿ ಇದ್ದ ರಿಪೋರ್ಟುಗಳಿಗಾಗಿ ನನಗೂ ಒಂದು ಛೀಮಾರಿಯ ಪತ್ರ ಬಂತು. ಅದು ನ್ಯಾಯವೇ. ಮ್ಯಾನೇಜರು ಆ ದಿನದಿಂದ ನನ್ನೊಂದಿಗೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಇಷ್ಟರ ನಡುವೆ ಅಕ್ಕ ಒಂದೇ ಒಂದು ಸಲ ಫೋನ್ ಮಾಡಿದಳು. ನಾನು ಠಾಣೆ ರೈಲು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿದ್ದೆ.

"ನಿನ್ನ ಹತ್ರ ಮಾತಾಡಿದ ಹೆಂಗಸನ್ನು ಇವರು ಕೆಲಸದಿಂದ ತೆಗೆದಿದ್ದಾರೆ. ಗೊತ್ತುಂಟಾ?"

"ಇಲ್ಲ ಅಕ್ಕ."

"ಈಗ ಗೊತ್ತಾಯ್ತಲ್ಲ. ಸಮಾಧಾನ ಆಯ್ತಾ ನಿಂಗೆ?"

ಫೋನ್ ಇಟ್ಟಳು. ಗಾಡಿ ಬಂದು ಹೋಯಿತು. ನಾನು ಹತ್ತಲಿಲ್ಲ.

ಹುಡುಕಿಕೊಂಡು ಹೋದೆ. ಆ ಹೆಂಗಸು ಅದೇ ಗಲ್ಲಿಯ ಜೀನ್ಸ್ ಪ್ಯಾಂಟಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಹೆಚ್ಚುವರಿ ದಾರ ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ. "ಆತಾ ಕಶಾಲಾ ಆಲಾತ?" ಈಗ ಯಾಕೆ ಬಂದಿರಿ? ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಅಲ್ಲಿಯ ಕೆಲಸ ಹತ್ತು ವರ್ಷದ್ದು, ಕೂತು ಮಾಡುವಂಥದ್ದು, ಇಲ್ಲಿ ದಿನವಿಡೀ ನಿಲ್ಲಬೇಕು, ನೀವು ಹೊರಡಿ, ಇಲ್ಲಿಯ ಸೇಟ್ ನೋಡಿದರೆ ಇದೂ ಹೋಗುತ್ತದೆ ಎಂದಳು. ಕತ್ತರಿ ಕೆಳಗಿಡಲೇ ಇಲ್ಲ. ನನ್ನ ಕ್ಷಮೆ ಅವಳಿಗೆ ಬೇಕಿರಲಿಲ್ಲ, ಅದನ್ನು ಕೇಳಿಸಿಕೊಳ್ಳುವ ಪುರಸೊತ್ತೂ ಇರಲಿಲ್ಲ.

ಭಾವ ಅದೇ ಮಾಲನ್ನು ಬೇರೆ ಲ್ಯಾಬಿಗೆ ಕೊಟ್ಟು ಪಾಸ್ ಮಾಡಿಸಿ ಹಡಗಿಗೆ ಹಾಕಿದರು. ಕೊಳ್ಳುವವರು ತಮ್ಮಲ್ಲಿ ಮತ್ತೆ ಅಳೆಸಿ ಇಡೀ ಕಂಟೇನರನ್ನು ವಾಪಸು ಕಳಿಸಿದರು. ನಾನೇ ಅವರಿಗೆ ಪತ್ರ ಬರೆದೆನೆಂದು ಭಾವ ಇವತ್ತಿಗೂ ನಂಬಿದ್ದಾರೆ. ನಾನು ಬರೆದಿರಲಿಲ್ಲ. ಬರೆಯಬೇಕಿತ್ತು.

ಇಂಥ ಮಾಲುಗಳು ಹೀಗೆ ವಾಪಸಾದ ಮೇಲೆ ರಫ್ತುದಾರರಿಗೆ ಚಳಿ ಹಿಡಿಯಿತು. ಲ್ಯಾಬಿನವರನ್ನೂ ಕರೆದು, ಜಗಿಯುವ ಹೊಗೆಸೊಪ್ಪಿಗೆ ತಾವೇ ಒಂದು ಮಿತಿಯ ಪಟ್ಟಿ ಮಾಡಿಕೊಳ್ಳಲು ಘೋಡಬಂದರ್ ರಸ್ತೆಯ ಒಂದು ಹೋಟೆಲಿನಲ್ಲಿ ಸಭೆ ಇಟ್ಟರು. ಅಷ್ಟು ಹೊತ್ತಿಗೆ ನಾನು ಆ ಲ್ಯಾಬು ಬಿಟ್ಟು ಐರೋಲಿಯಲ್ಲಿ ಬೇರೆ ಕಡೆ ಸೇರಿದ್ದೆ. ಅವರ ಪರವಾಗಿ ಹೋದೆ. ಭಾವ ಎರಡನೆಯ ಸಾಲಿನಲ್ಲಿದ್ದರು.

ಮಿತಿ ಎಂದರೆ ಏನೆಂದು ಅಲ್ಲಿ ಹೇಳಬೇಕಾಯಿತು. ಅಕ್ಕಿಗೋ ದ್ರಾಕ್ಷಿಗೋ ಮಿತಿ ಹಾಕುವಾಗ, ಒಬ್ಬ ಮನುಷ್ಯ ಜೀವನವಿಡೀ ದಿನಾ ತಿಂದರೂ ತೊಂದರೆಯಾಗದ ಪ್ರಮಾಣ ಎಷ್ಟು, ಅವನು ದಿನಕ್ಕೆ ತಿನ್ನುವುದು ಎಷ್ಟು ಎಂದು ನೋಡುತ್ತಾರೆ. ಹೊಗೆಸೊಪ್ಪನ್ನು ದಿನಕ್ಕೆ ಇಷ್ಟು ತಿಂದರೆ ಕ್ಷೇಮ ಎಂದು ಬರೆಯುವ ಧೈರ್ಯ ಯಾರಿಗಿದೆ? ಹಾಗಾಗಿ ಕೊಳ್ಳುವವರ ಪಟ್ಟಿಯಲ್ಲಿರುವ ಸಂಖ್ಯೆಗೂ ಕ್ಷೇಮಕ್ಕೂ ಸಂಬಂಧವಿಲ್ಲ. ರೈತ ಸರಿಯಾಗಿ ಔಷಧಿ ಹೊಡೆದರೆ ಎಲೆಯಲ್ಲಿ ಎಷ್ಟು ಉಳಿಯುತ್ತದೋ ಅಷ್ಟು, ಅಷ್ಟೇ ಅದರ ಅರ್ಥ. ಜಗಿಯುವ ಎಲೆಗೆ ಅದಕ್ಕಿಂತ ಕಡಿಮೆ ಇಡಿ, ಒಣಗಿದ ಎಲೆಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ, ಎಲೆ ಬಿಡಿಸುವವರಿಗೆ ಕೈಗವಸು, ಕೈ ತೊಳೆಯಲು ಜಾಗ ಕೊಡಿ ಎಂದೆ.

ಹಿಂದಿನಿಂದ ಒಬ್ಬ, "ಮೇಡಂ, ತಂಬಾಕೂ ಖಾನೇವಾಲಾ ಫಂಗಿಸೈಡ್ ಸೇ ಡರೇಗಾ ಕ್ಯಾ?" ಎಂದ. ತಂಬಾಕು ತಿನ್ನುವವನು ಬೂಷ್ಟಿನ ಔಷಧಿಗೆ ಹೆದರುತ್ತಾನೆಯೇ? ಸಭೆ ನಕ್ಕಿತು. ಭಾವನೂ ನಕ್ಕರು.

"ತಿನ್ನುವವನಿಗೆ ಬೇಡವೆಂದಾದರೆ ಬೇಡ," ಎಂದೆ ಹಿಂದಿಯಲ್ಲೇ. "ನಿಮ್ಮ ಗೋದಾಮಿನಲ್ಲಿ ಎಲೆ ಬಿಡಿಸುವ ಹೆಂಗಸು ತಂಬಾಕು ತಿನ್ನುವುದಿಲ್ಲ. ಅವಳ ಊಟದಲ್ಲಿ ಇದನ್ನು ಬೆರೆಸಿದವರು ಯಾರು?"

ಭಾವ ಎದ್ದು ನಿಂತರು. ಈ ಹೆಂಗಸಿಗೆ ತಮ್ಮ ಮೇಲೆ ಮನೆಯ ದ್ವೇಷವಿದೆ, ತಮ್ಮ ಉಪ್ಪು ತಿಂದು ತಮ್ಮ ವ್ಯಾಪಾರ ಮುಳುಗಿಸಿದವಳು, ಇವಳ ಮಾತು ಬರೆದುಕೊಳ್ಳಬೇಡಿ ಎಂದರು. ದ್ವೇಷ ಇರುವುದು ನಿಜವೆಂದು ನಾನು ಒಪ್ಪಿಕೊಂಡೆ. ಸಂಖ್ಯೆ ಮಾತ್ರ ಅಳೆದದ್ದು, ಬೇಕಾದರೆ ಯಾರಾದರೂ ಮತ್ತೆ ಅಳೆಯಲಿ ಎಂದೆ. ಜನ ಕುರ್ಚಿ ಸರಿಸಿ ಎದ್ದರು. ಊಟದ ಹೊತ್ತಾಗಿತ್ತು.

ಕೊನೆಗೆ ಪಟ್ಟಿಯಲ್ಲಿ ಹಳೆಯ ಸಂಖ್ಯೆಯೇ ಉಳಿಯಿತು. ಒಣಗಿದ ಎಲೆಗೆ ಔಷಧಿ ಹೊಡೆಯಬಾರದು ಎಂಬ ಒಂದು ಸಾಲು ಸೇರಿತು. ನನ್ನ ಮಾತಿಗೆ ಬೆಲೆ ಕೊಟ್ಟದ್ದಲ್ಲ, ಕಂಟೇನರು ವಾಪಸು ಬರುವ ಹೆದರಿಕೆಗೆ. ಕೈಗವಸಿನ ಮಾತನ್ನು ಇದು ಸಭೆಯ ವಿಷಯವಲ್ಲ ಎಂದು ಹೊಡೆದುಹಾಕಿದರು. ನಾನು ಪ್ರತಿ ವರ್ಷ ಆ ಕೈಗವಸಿನ ಸಾಲನ್ನೂ ಸೇರಿಸಿ ಎಂದು ಅವರಿಗೆ ಬರೆಯುತ್ತೇನೆ. ತಲುಪಿತು ಎಂಬ ಉತ್ತರ ಬರುತ್ತದೆ.

ಸಭೆ ಮುಗಿದು ಹೊರಗೆ ಬಂದಾಗ ಭಾವನ ಕಾರು ಹೋಟೆಲಿನ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ಒಬ್ಬಳೇ ಇದ್ದಳು. ಎಷ್ಟೋ ತಿಂಗಳ ಮೇಲೆ ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ನಾನು ಗಾಜು ತಟ್ಟಿದೆ. ಅವಳು ನೋಡಿದಳು. ನೋಡಿ, ಮಡಿಲಲ್ಲಿದ್ದ ಫೋನನ್ನು ಎತ್ತಿ ಕಿವಿಗಿಟ್ಟು ಯಾರೊಂದಿಗೋ ಮಾತಾಡುವವಳ ಹಾಗೆ ತುಟಿ ಆಡಿಸತೊಡಗಿದಳು. ಮತ್ತೊಮ್ಮೆ ತಟ್ಟಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಭಾವ ಬಂದು ಮುಂದಿನ ಬಾಗಿಲು ತೆಗೆದು ಕೂತರು. ಕಾರು ಹೊರಟಾಗಲೂ ಅವಳು ಮಾತಾಡುತ್ತಲೇ ಇದ್ದಳು.